ತೋಳು ಎತ್ತಿಸುವವನು ಯಾರು? — ಭುಜದ ಶಸ್ತ್ರಚಿಕಿತ್ಸೆಯೂ ಪರಾಧೀನ ಕರ್ತೃತ್ವವೂ

|| ಶ್ರೀ ಹರಿವಾಯುಗುರುಭ್ಯೋ ನಮಃ ||



ನಮ್ಮ ಆಚಾರದಲ್ಲಿ ಭುಜಕ್ಕಿರುವ ಸ್ಥಾನವು ಅಲ್ಪವಾದುದಲ್ಲ. ಉಪನಯನದಂದು ಯಜ್ಞೋಪವೀತವು ಬಂದು ನೆಲೆಸುವುದು ಎಡಭುಜದ ಮೇಲೆ. ಪಿತೃಕಾರ್ಯದಲ್ಲಿ ಅದೇ ಉಪವೀತವು ಪ್ರಾಚೀನಾವೀತವಾಗಿ ಬಲಭುಜಕ್ಕೆ ತಿರುಗುತ್ತದೆ. ಆಷಾಢ ಶುದ್ಧ ಏಕಾದಶಿಯಂದು ಯತಿಗಳ ಅಮೃತಹಸ್ತದಿಂದ ತಪ್ತಮುದ್ರಾಧಾರಣೆಯಾಗುವಾಗ ಬಲದೋಳಿಗೆ ಸುದರ್ಶನ, ಎಡದೋಳಿಗೆ ಪಾಂಚಜನ್ಯ. ದೇವರ ಪಲ್ಲಕ್ಕಿಯನ್ನು ಹೊರುವುದು ಹೆಗಲು. ಅಭಿಷೇಕದ ಕೊಡವನ್ನು ಎತ್ತುವುದು ತೋಳು. ಮಂಗಳಾರತಿಯನ್ನು ಸುತ್ತಿ ಬೆಳಗುವುದು ಭುಜದ ಕೀಲು. ಹೀಗಿರುವಾಗ ಆ ಭುಜವೇ ಘಾಸಿಗೊಂಡು, ವೈದ್ಯರ ಶಸ್ತ್ರಕ್ಕೆ ಒಳಗಾಗಿ, ವಾರಗಟ್ಟಲೆ ಜೋಳಿಗೆಪಟ್ಟಿಯಲ್ಲಿ ಕಟ್ಟಲ್ಪಟ್ಟರೆ ಭಗವತ್ಸೇವೆಯ ಗತಿಯೇನು ಎಂಬ ಪ್ರಶ್ನೆಯು ಸಹಜವಾಗಿಯೇ ಏಳುತ್ತದೆ.

ಈ ಪ್ರಶ್ನೆಯು ಇಂದು ನಮ್ಮ ಅನೇಕ ಮನೆಗಳಲ್ಲಿ ಕೇಳಿಬರುತ್ತಿದೆ. ಬಚ್ಚಲಿನಲ್ಲಿ ಜಾರಿ ಬಿದ್ದ ಹಿರಿಯ ಗೃಹಿಣಿಯರು, ದಶಕಗಳ ಕಾಲ ಕೊಡಪಾನಗಳನ್ನು ಹೊತ್ತ ಅರ್ಚಕರು, ಬೆಳಗಿನ ರೈಲಿನಲ್ಲಿ ಮಾರಿಕುಪ್ಪಂನಿಂದ ಬೆಂಗಳೂರಿಗೆ ಉದ್ಯೋಗಕ್ಕೆಂದು ಹೋಗಿಬರುವ ತರುಣರು, ಹೀಗೆ ಎಲ್ಲ ವಯಸ್ಸಿನವರಿಗೂ ಈ ಶಸ್ತ್ರಚಿಕಿತ್ಸೆ ನಡೆಯುತ್ತಿದೆ. ಅನಂತರ ಅವರ ಬಾಯಲ್ಲಿ ಎರಡು ಬಗೆಯ ಮಾತುಗಳು ಬರುತ್ತವೆ. ಒಬ್ಬರು, "ನನ್ನ ಕೈಯೇ ಹೋಯಿತು, ಅನುಷ್ಠಾನವೆಲ್ಲ ನಿಂತಿತು, ಇನ್ನು ನಾನು ಯಾತಕ್ಕೂ ಬಾರದವನು" ಎಂದು ಕೊರಗುತ್ತಾರೆ. ಮತ್ತೊಬ್ಬರು, "ಎಲ್ಲವೂ ಹರಿಚಿತ್ತ, ಬರಬೇಕೆಂದಿದ್ದರೆ ಕೈ ಬರುತ್ತದೆ, ಈ ನೋವಿನ ವ್ಯಾಯಾಮಗಳೆಲ್ಲ ಏತಕ್ಕೆ" ಎಂದು ಸುಮ್ಮನಾಗುತ್ತಾರೆ. ಮೊದಲನೆಯ ಮಾತು ನಿರಾಶೆಯಂತೆಯೂ ಎರಡನೆಯದು ಭಕ್ತಿಯಂತೆಯೂ ತೋರಬಹುದು. ವಿಚಾರಿಸಿ ನೋಡಿದರೆ ಎರಡೂ ನಮ್ಮ ಸಿದ್ಧಾಂತಕ್ಕೆ ಹೊರಗಿನವೇ. ಅದು ಹೇಗೆಂಬುದನ್ನು ಯಥಾಮತಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಮೊದಲು ಆ ಅಂಗದ ರಚನೆಯನ್ನು ಸ್ವಲ್ಪ ತಿಳಿಯೋಣ. ಮಾನವದೇಹದ ಕೀಲುಗಳಲ್ಲೆಲ್ಲ ಅತ್ಯಂತ ಹೆಚ್ಚಾಗಿ ಚಲಿಸಬಲ್ಲದ್ದು ಭುಜದ ಕೀಲು. ತೋಳಿನ ಮೂಳೆಯ ತುದಿಯು ಚೆಂಡಿನಂತಿದ್ದು, ಹೆಗಲೆಲುಬಿನ ಒಂದು ಚಿಕ್ಕ ತಗ್ಗಿಗೆ ಒರಗಿಕೊಂಡಿದೆ. ಚೆಂಡು ದೊಡ್ಡದು, ತಗ್ಗು ಆಳವಿಲ್ಲದ್ದು. ಆದುದರಿಂದಲೇ ತೋಳನ್ನು ಮೇಲೆ, ಕೆಳಗೆ, ಹಿಂದೆ, ಮುಂದೆ ಎಲ್ಲ ಕಡೆಗೂ ತಿರುಗಿಸಬಹುದು. ಆದುದರಿಂದಲೇ ಅದು ಸುಲಭವಾಗಿ ತಪ್ಪಿಯೂ ಹೋಗಬಹುದು. ಆ ಚೆಂಡನ್ನು ತಗ್ಗಿನಲ್ಲಿ ಅದುಮಿ ಹಿಡಿದಿರುವುವು ಸುತ್ತಲಿನ ನಾಲ್ಕು ಮಾಂಸಖಂಡಗಳೂ ಅವುಗಳ ತುದಿಯ ಸ್ನಾಯುರಜ್ಜುಗಳೂ. ವಯಸ್ಸಿನಿಂದ ಸವೆದೋ, ಬಿದ್ದ ಪೆಟ್ಟಿನಿಂದಲೋ ಈ ರಜ್ಜುಗಳಲ್ಲೊಂದು ಹರಿದರೆ ತೋಳು ಮೇಲೇಳದು. ರಾತ್ರಿ ಆ ಮಗ್ಗುಲಿಗೆ ಮಲಗಲಾಗದು. ಆಗ ವೈದ್ಯರು, ಅನೇಕ ವೇಳೆ ಸಣ್ಣ ರಂಧ್ರಗಳ ಮೂಲಕ ನಳಿಕೆಯೊಂದನ್ನು ಇಳಿಸಿ ಒಳಭಾಗವನ್ನು ಪರದೆಯ ಮೇಲೆ ನೋಡುತ್ತ, ಹರಿದ ರಜ್ಜುವನ್ನು ಮೂಳೆಗೆ ಹೊಲಿದು ನಿಲ್ಲಿಸುತ್ತಾರೆ.

ಹೊಲಿಯುವ ಕೆಲಸ ಒಂದೆರಡು ಗಂಟೆಗಳದು. ಹೊಲಿದುದು ಮೂಳೆಯೊಡನೆ ಬೆರೆತು ಗಟ್ಟಿಯಾಗುವುದು ಮಾತ್ರ ತಿಂಗಳುಗಳ ಕೆಲಸ. ಸಾಮಾನ್ಯವಾಗಿ ಮೊದಲ 4ರಿಂದ 6 ವಾರಗಳ ಕಾಲ ತೋಳು ಪಟ್ಟಿಯಲ್ಲೇ ಇರಬೇಕು. ಆ ಅವಧಿಯಲ್ಲಿ ತೋಳನ್ನು ಚಲಿಸಬೇಕಾದರೂ ರೋಗಿಯು ತಾನಾಗಿ ಎತ್ತಕೂಡದು. ಚಿಕಿತ್ಸಕರೋ, ಇನ್ನೊಂದು ಕೈಯೋ ಅದನ್ನು ಮೆಲ್ಲಗೆ ಎತ್ತಿ ಇಳಿಸಬೇಕು. ಅನಂತರ ಇನ್ನೊಂದು ಕೈಯ ಸಹಾಯದಿಂದ ತಾನೂ ಸ್ವಲ್ಪ ಎತ್ತುವುದು, ಬಾಗಿಲ ಮೇಲೆ ಕಟ್ಟಿದ ರಾಟೆಯ ಹಗ್ಗವನ್ನು ಎಳೆಯುವುದು, ಗೋಡೆಯ ಮೇಲೆ ಬೆರಳುಗಳನ್ನು ನಡೆಸುತ್ತ ಮೇಲೇರಿಸುವುದು. ಸುಮಾರು 3 ತಿಂಗಳಾದ ಮೇಲೆ ಬಲವರ್ಧನೆಯ ಅಭ್ಯಾಸ. ಪೂರ್ಣ ಗುಣಕ್ಕೆ 6 ತಿಂಗಳಿಂದ ಒಂದು ವರ್ಷದವರೆಗೂ ಬೇಕಾಗುವುದುಂಟು. ಆತುರಪಟ್ಟು ಮೊದಲೇ ಭಾರ ಎತ್ತಿದರೆ ಹೊಲಿಗೆ ಕಿತ್ತುಹೋಗುವ ಅಪಾಯ. ಅಂಜಿ ಚಲಿಸದೆಯೇ ಬಿಟ್ಟರೆ ಕೀಲು ಬಿಗಿದು ಮರಗಟ್ಟುವ ಅಪಾಯ. ಮಧುಮೇಹವುಳ್ಳವರಲ್ಲಿ ಈ ಬಿಗಿತವು ಇನ್ನೂ ಹೆಚ್ಚು.

ಶಸ್ತ್ರಚಿಕಿತ್ಸೆಯೆಂಬುದು ನಮ್ಮವರಿಗೆ ಹೊಸದೇನೂ ಅಲ್ಲ. ಸುಶ್ರುತಸಂಹಿತೆಯು ತೋಳು ಮೇಲೇಳದ ಅವಬಾಹುಕವೆಂಬ ರೋಗವನ್ನು ವಾತವ್ಯಾಧಿಗಳಲ್ಲಿ ಎಣಿಸುತ್ತದೆ. ಭುಜದ ಕೀಲು ತಪ್ಪಿದಾಗ ಕಂಕುಳನ್ನು ಒನಕೆಯಿಂದ ಮೇಲೆತ್ತಿ, ಕೀಲನ್ನು ಸ್ವಸ್ಥಾನದಲ್ಲಿ ಕೂರಿಸಿ, ಸ್ವಸ್ತಿಕಾಕಾರದ ಪಟ್ಟಿಯಿಂದ ಬಂಧಿಸಬೇಕೆಂದು ಅದರ ಚಿಕಿತ್ಸಾಸ್ಥಾನವು ವಿಧಿಸುತ್ತದೆ. ಕೂರಿಸುವುದರ ಜೊತೆಗೇ ಕಟ್ಟುವುದನ್ನೂ ಹೇಳಿರುವುದನ್ನು ಗಮನಿಸಬೇಕು. ವಿಶ್ರಾಂತಿಯೂ ಚಿಕಿತ್ಸೆಯ ಒಂದು ಅಂಗವೆಂದು ಪ್ರಾಚೀನರೇ ಅರಿತಿದ್ದರು. ಅಮೃತಕಲಶವನ್ನು ಹಿಡಿದು ಬಂದ ಧನ್ವಂತರಿಯು ಶ್ರೀಹರಿಯ ರೂಪವೇ ಆಗಿರುವುದರಿಂದ, ವೈದ್ಯರ ಬಳಿಗೆ ಹೋಗುವುದು ದೇವರಲ್ಲಿ ವಿಶ್ವಾಸ ಕಡಿಮೆಯಾದುದರ ಲಕ್ಷಣವೆಂದು ಯಾರೂ ಭಾವಿಸಬೇಕಾಗಿಲ್ಲ.

ಈ ವಿಷಯದಲ್ಲಿ ನಮ್ಮ ಮನೆಯಲ್ಲೇ ನಡೆದುದನ್ನು ಸಂಕ್ಷೇಪವಾಗಿ ನಿವೇದಿಸುವೆನು. ನಮ್ಮ ತೀರ್ಥರೂಪರು ಅನೇಕ ವರ್ಷಗಳಿಂದ ಅರ್ಚಕವೃತ್ತಿಯಲ್ಲಿರುವವರು. ಅವರ ಬಲಭುಜಕ್ಕೆ ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಊರಿಗೆ ಹಿಂದಿರುಗಿದ ಮೇಲೆ ಅವರಿಗೆ ನೋವಿಗಿಂತ ಹೆಚ್ಚಾಗಿ ದುಃಖವನ್ನು ತಂದದ್ದು ಪರಾವಲಂಬನೆ. ಮಡಿಯಲ್ಲಿದ್ದಾಗ ಮೊಮ್ಮಕ್ಕಳನ್ನೂ ಹತ್ತಿರಕ್ಕೆ ಬಿಡದವರಿಗೆ ಕಚ್ಚೆಪಂಚೆಯನ್ನು ಉಡಿಸಲು ಮಗ ಬೇಕಾಯಿತು. ದ್ವಾದಶನಾಮಗಳನ್ನು ಹಚ್ಚಲು ಎಡಗೈ ಒಗ್ಗದು. ಅದೇ ಸಮಯದಲ್ಲಿ ನಮ್ಮ ಪಿತಾಮಹರ ಶ್ರಾದ್ಧವೂ ಬಂದೊದಗಿತು. "ಪಿಂಡವನ್ನು ಈ ಕೈಯಿಂದ ಇಡಲಾರದೆ ಹೋದೆನೇ" ಎಂದು ಅವರು ಹಿಂದಿನ ರಾತ್ರಿಯೆಲ್ಲ ನಿದ್ರಿಸಲಿಲ್ಲ.

ದಿನಬಿಟ್ಟು ದಿನ ಮನೆಗೆ ಬಂದು ಅವರ ತೋಳಿಗೆ ಚಲನೆ ಕೊಡುತ್ತಿದ್ದವಳು ಫಿಸಿಯೋಥೆರಪಿ ಕಲಿತ ಒಬ್ಬ ಹೆಣ್ಣುಮಗಳು. ನಮ್ಮ ಗಣಿಯಲ್ಲಿ ದುಡಿದವರೊಬ್ಬರ ಮೊಮ್ಮಗಳು. ಅವಳು ತೋಳನ್ನು ಕೆಳಗಿನಿಂದ ಹಿಡಿದು ಎತ್ತುವಾಗಲೆಲ್ಲ ತೀರ್ಥರೂಪರು ಅರಿವಿಲ್ಲದೆಯೇ ತಾವೂ ಎತ್ತತೊಡಗುವರು. ಅವಳು ಪ್ರತಿಸಲವೂ, "ಸಾಮಿ, ನೀವು ಎತ್ತಬೇಡಿ. ಎತ್ತುವವಳು ನಾನು. ಕೈಯನ್ನು ನನಗೆ ಬಿಟ್ಟುಬಿಡಿ" ಎನ್ನುವಳು. ಹಾಗೆ ಬಿಡುವುದು ಅವರಿಗೆ ಬಹು ಕಷ್ಟವಾಯಿತು. ಕೈಯನ್ನು ಎತ್ತುವುದನ್ನು ಹುಟ್ಟಿನಿಂದಲೇ ಬಲ್ಲೆವು. ಎತ್ತದೆ ಇನ್ನೊಬ್ಬರಿಗೆ ಒಪ್ಪಿಸುವುದನ್ನು ಮಾತ್ರ ಕಲಿಯಬೇಕಾಗುತ್ತದೆ. ಒಂದು ದಿನ ಅವಳು ಹೋದ ಮೇಲೆ ಅವರು ನನ್ನನ್ನು ಕರೆದು, "ಜೀವನು ಅಸ್ವತಂತ್ರ, ಅಸ್ವತಂತ್ರ ಎಂದು ಎಷ್ಟು ವರ್ಷ ಪಾಠ ಹೇಳಿದೆನಪ್ಪಾ! ಈ ಮಗು ಒಂದು ಮಾತಿನಲ್ಲಿ ಅದನ್ನು ನನ್ನ ತೋಳಿಗೆ ಹೇಳಿಕೊಟ್ಟಿತು" ಎಂದರು.

ಈ ಮಾತನ್ನು ಕೇಳಿದಾಗ ತಲವಕಾರೋಪನಿಷತ್ತಿನ ಆಖ್ಯಾನವು ಸ್ಮರಣೆಗೆ ಬಾರದಿರದು. ದೇವತೆಗಳು ಅಸುರರನ್ನು ಗೆದ್ದು, ಈ ಜಯವು ತಮ್ಮದೇ ಎಂದು ಭಾವಿಸಿದರು. ಪರಬ್ರಹ್ಮನು ಯಕ್ಷರೂಪದಿಂದ ಅವರ ಮುಂದೆ ಕಾಣಿಸಿಕೊಂಡು ಒಂದು ಹುಲ್ಲುಕಡ್ಡಿಯನ್ನು ಇಟ್ಟನು. ಅಗ್ನಿಯು ಅದನ್ನು ಸುಡಲಾರದೆ ಹೋದನು. ವಾಯುವು ಅದನ್ನು ಎತ್ತಲಾರದೆ ಹೋದನು. ಇಲ್ಲಿ ಹೇಳಿದ ವಾಯುವು ಮುಖ್ಯಪ್ರಾಣನಲ್ಲ, ಅವನ ಅಧೀನನಾದ ಬೇರೊಬ್ಬ ವಾಯುದೇವತೆಯೆಂಬುದು ನಮ್ಮ ಸಂಪ್ರದಾಯದ ನಿರ್ಣಯ. ಕೊನೆಗೆ ಇಂದ್ರನು ಬರಲು ಯಕ್ಷನು ಅಂತರ್ಧಾನ ಹೊಂದಿದನು. ಉಮಾದೇವಿಯು ತತ್ತ್ವವನ್ನು ಉಪದೇಶಿಸಿದಳು. ಹಸ್ತೇಂದ್ರಿಯಕ್ಕೆ ಅಭಿಮಾನಿಯಾದ ದೇವತೆಯು ಇಂದ್ರನೇ ಎಂಬುದನ್ನು ಇಲ್ಲಿ ನೆನೆಯಬಹುದು. ಕೈಗಳ ದೇವತೆಯೇ ಆ ದಿನ ಪಾಠ ಕಲಿಯಬೇಕಾಯಿತೆಂದ ಮೇಲೆ, ಆ ಕೈಗಳನ್ನು ಕೆಲವು ಕಾಲಕ್ಕೆ ಎರವಲಾಗಿ ಪಡೆದ ನಮ್ಮ ಪಾಡೇನು? ನಿನ್ನೆ ತುಂಬಿದ ಕೊಡವನ್ನು ಎತ್ತಿದ ತೋಳು ಇಂದು ತೀರ್ಥದ ಉದ್ಧರಣೆಯನ್ನು ಎತ್ತಲಾರದು. ನಿನ್ನೆ ಎತ್ತಿದಾಗಲೂ ಆ ಶಕ್ತಿಯು ನಮ್ಮ ಸ್ವಂತದ್ದಾಗಿರಲಿಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ. ಆದುದರಿಂದ "ನನ್ನ ಕೈ ಹೋಯಿತು" ಎಂಬ ಕೊರಗಿನ ಮೂಲದಲ್ಲಿಯೇ ಒಂದು ಭ್ರಾಂತಿಯಿದೆ. ಕೊಟ್ಟವನ ವಸ್ತುವು ಕೊಟ್ಟವನ ವಶದಲ್ಲಿಯೇ ಇದೆ.

ಹಾಗಾದರೆ ಎರಡನೆಯ ಪಕ್ಷದವರು ಹೇಳುವಂತೆ ಸುಮ್ಮನೆ ಕುಳಿತಿರಬಹುದೇ? ಎಂದಿಗೂ ಸಲ್ಲದು. ಜೀವನು ಕರ್ತನೇ ಅಲ್ಲವೆಂದರೆ ಮಾಡು, ಬಿಡು ಎಂದು ಹೇಳುವ ಶಾಸ್ತ್ರಗಳೇ ವ್ಯರ್ಥವಾಗುವುವು. ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಸೂತ್ರಕಾರರು ಜೀವನ ಕರ್ತೃತ್ವವನ್ನು ಸ್ಥಾಪಿಸಿ, ಆ ಕರ್ತೃತ್ವವು ಪರಮಾತ್ಮನ ಅಧೀನವೆಂದೂ ನಿರ್ಣಯಿಸಿದ್ದಾರೆ. ಅಲ್ಲಿಯೇ ಬಡಗಿಯ ದೃಷ್ಟಾಂತವು ಬರುತ್ತದೆ. ಬಡಗಿಯು ಕೆಲಸ ಮಾಡಿಸುವ ಯಜಮಾನನ ನಿಯಮನಕ್ಕೆ ಒಳಪಟ್ಟವನು. ಆದರೂ ಉಳಿಯನ್ನು ಹಿಡಿದು ಕೆತ್ತುವವನು ಅವನೇ. ಜೀವನೂ ಹಾಗೆಯೇ ಎಂದು ಶ್ರೀಮದಾಚಾರ್ಯರು ಭಾಷ್ಯದಲ್ಲಿ ವಿವರಿಸಿದ್ದಾರೆ. ಇದೇ ಪರಾಧೀನ ಕರ್ತೃತ್ವ. ನಮ್ಮ ಹಿರಿಯರು ಆಡುಮಾತಿನಲ್ಲಿ ಇದನ್ನು ದತ್ತಸ್ವಾತಂತ್ರ್ಯವೆನ್ನುತ್ತಾರೆ.

ತೀರ್ಥರೂಪರ ಚಿಕಿತ್ಸೆಯೂ ಈ ಎರಡನೆಯ ಹಂತಕ್ಕೆ ಬಂದಿತು. ಆರು ವಾರಗಳು ಕಳೆದು ವೈದ್ಯರ ಅನುಮತಿ ದೊರೆತ ಮೇಲೆ ಅದೇ ಹೆಣ್ಣುಮಗಳು ಬಂದು, "ಸಾಮಿ, ಇವತ್ತಿನಿಂದ ನಾನು ಎತ್ತುವುದಿಲ್ಲ, ನೀವೇ ಎತ್ತಬೇಕು" ಎಂದಳು. ಕೈ ಎರಡಂಗುಲವೂ ಏಳಲೊಲ್ಲದು. ಬೆವರು ಮಾತ್ರ ಹರಿಯುತ್ತಿತ್ತು. "ನೀನೇ ಎತ್ತಮ್ಮ, ಮೊದಲಿನಂತೆ" ಎಂದರೂ ಅವಳು ಒಪ್ಪಲಿಲ್ಲ. ಕೈಯನ್ನು ಕೆಳಗೆ ಒಡ್ಡಿ ನಿಂತಳು, ಮುಟ್ಟಲಿಲ್ಲ. ಎತ್ತಕೂಡದೆಂದಾಗ ಎತ್ತದಿರುವುದು ಹೇಗೆ ವಿಧೇಯತೆಯೋ, ಎತ್ತಬೇಕೆಂದಾಗ ನೋವನ್ನು ಸಹಿಸಿ ಎತ್ತುವುದೂ ಹಾಗೆಯೇ ವಿಧೇಯತೆ. ಮೊದಲ ಹಂತದಲ್ಲಿ ಅಹಂಕಾರವನ್ನು ಬಿಡಬೇಕು. ಎರಡನೆಯ ಹಂತದಲ್ಲಿ ಆಲಸ್ಯವನ್ನು ಬಿಡಬೇಕು. ಯಾವ ಕಾಲಕ್ಕೆ ಯಾವುದೆಂಬುದನ್ನು ವೈದ್ಯರು ಹೇಳುತ್ತಾರೆ. ಎರಡರಲ್ಲಿಯೂ ಹರಿಯ ಅಧೀನದಲ್ಲಿರುವೆನೆಂಬ ಅನುಸಂಧಾನವನ್ನು ನಾವು ಇಟ್ಟುಕೊಳ್ಳಬೇಕು.

ನಮ್ಮ ಊರಿನವರಿಗೆ ಇದನ್ನು ತಿಳಿಸಲು ದೂರದ ಉದಾಹರಣೆ ಬೇಕಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಆರಂಭಿಸಿದ ಚಿನ್ನದ ಗಣಿಯ ಕೆಲಸವು 2001ರ ಫೆಬ್ರವರಿ 28ರಂದು ನಿಂತಿತಷ್ಟೆ. ಚಾಂಪಿಯನ್ ರೀಫ್ ಗಣಿಯು 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಆ ಆಳಕ್ಕೆ ಯಾವ ಕಾರ್ಮಿಕನೂ ತನ್ನ ಬಲದಿಂದ ಇಳಿದವನಲ್ಲ. ಮೇಲೆ ಯಂತ್ರದ ಬಳಿ ಕುಳಿತವನೊಬ್ಬನು ಉಕ್ಕಿನ ಹಗ್ಗವನ್ನು ಬಿಟ್ಟರೆ ಪಂಜರವು ಇಳಿಯುತ್ತಿತ್ತು, ಎಳೆದರೆ ಏರುತ್ತಿತ್ತು. ಇಳಿದವನಿಗೆ ಆ ಯಂತ್ರದವನು ಕಾಣುತ್ತಿರಲಿಲ್ಲ. ಒಳಗೆ ಉಸಿರಾಡಲು ಬೇಕಾದ ಗಾಳಿಯೂ ಮೇಲಿನಿಂದಲೇ ಬರಬೇಕು. ಬಂಡೆಯನ್ನು ಕೊರೆಯುವ ಯಂತ್ರವು ನಡೆಯುತ್ತಿದ್ದುದೂ ಒತ್ತಿ ತುಂಬಿದ ಗಾಳಿಯಿಂದಲೇ. ಇಷ್ಟೆಲ್ಲ ಪರಾಧೀನವಾಗಿದ್ದರೂ ಆ ಯಂತ್ರವನ್ನು ಭುಜಕ್ಕೆ ಆನಿಸಿ ಬಂಡೆಗೆ ಒತ್ತಬೇಕಾದವನು ಕಾರ್ಮಿಕನೇ. "ಮೇಲಿನವನು ಇಳಿಸಿದ್ದಾನೆ, ಅವನೇ ಕೊರೆಯಲಿ" ಎಂದು ಕುಳಿತವನಿಗೆ ಕೂಲಿಯಿಲ್ಲ. "ನಾನೇ ಕೊರೆದೆ, ಹಗ್ಗ ಏಕೆ" ಎಂದವನಿಗೆ ಮೇಲೆ ಬರುವ ದಾರಿಯೇ ಇಲ್ಲ. ನಮ್ಮ ಉಸಿರನ್ನೂ ಅಂಗಾಂಗಗಳನ್ನೂ ನಡೆಸುತ್ತಿರುವ ಮುಖ್ಯಪ್ರಾಣನ, ಅವನನ್ನೂ ನಿಯಮಿಸುವ ಶ್ರೀಹರಿಯ ವಿಷಯವನ್ನು ಇದರಿಂದ ಊಹಿಸಿಕೊಳ್ಳಬಹುದು.

ಕಾಲದ ವಿಷಯದಲ್ಲಿಯೂ ಒಂದು ಮಾತು. ಮೂರು ತಿಂಗಳಾದರೂ ಕೈ ಪೂರ್ತಿ ಏಳಲಿಲ್ಲವೆಂದು ಧೃತಿಗೆಡುವವರು ನಮ್ಮ ನಾಡಿನ ಇಬ್ಬರು ಕ್ರೀಡಾಪಟುಗಳನ್ನು ನೆನೆಯಬಹುದು. ಮೈಸೂರಿನ ಜಾವಗಲ್ ಶ್ರೀನಾಥರು 1997ರಲ್ಲಿ ಭುಜದ ಇದೇ ರಜ್ಜುಗಳ ತೊಂದರೆಯಿಂದ ಶಸ್ತ್ರಚಿಕಿತ್ಸೆಗೆ ಒಳಗಾಗಿ ತಿಂಗಳುಗಟ್ಟಲೆ ಆಟದಿಂದ ದೂರವಿದ್ದರು. 1999ರಲ್ಲಿ ಕಲ್ಕತ್ತೆಯಲ್ಲಿ ಪಾಕಿಸ್ತಾನದ ಎದುರು ಒಂದೇ ಟೆಸ್ಟಿನಲ್ಲಿ 13 ವಿಕೆಟ್‌ಗಳನ್ನು ಪಡೆದರು. ಬೆಂಗಳೂರಿನ ಅನಿಲ್ ಕುಂಬ್ಳೆಯವರಿಗೆ 2001ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬಲಭುಜದ ಶಸ್ತ್ರಚಿಕಿತ್ಸೆಯಾಯಿತು. ಆ ವರ್ಷ ಆಸ್ಟ್ರೇಲಿಯದ ಎದುರು ಸ್ವದೇಶದಲ್ಲಿ ನಡೆದ ಪ್ರಸಿದ್ಧವಾದ ಟೆಸ್ಟ್ ಸರಣಿಯಲ್ಲಿ ಅವರು ಆಡಲಾಗಲಿಲ್ಲ. 2008ರಲ್ಲಿ ಅವರು ನಿವೃತ್ತರಾದಾಗ ಅವರ ಟೆಸ್ಟ್ ವಿಕೆಟ್‌ಗಳ ಸಂಖ್ಯೆ 619. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಂದದ್ದು ಆ ಶಸ್ತ್ರಚಿಕಿತ್ಸೆಯ ಅನಂತರವೇ. ತರುಣರಾದ ಆ ಪಟುಗಳ ದೇಹಬಲವು ನಮ್ಮ ಹಿರಿಯರಿಗೆ ಇಲ್ಲದಿರಬಹುದು. ಆದರೆ ಅವರಿಗೂ ಪಟ್ಟಿಯ ವಾರಗಳು, ಚಿಕ್ಕ ಚಿಕ್ಕ ಅಭ್ಯಾಸಗಳು, ಕಾಯುವಿಕೆ ತಪ್ಪಿರಲಿಲ್ಲವೆಂಬುದು ಗಮನಾರ್ಹ.

ಇನ್ನು ಅನುಷ್ಠಾನದ ವಿಚಾರ. ದೇವಪೂಜೆಯಲ್ಲಿ ಮಾನಸಪೂಜೆಯು ಅಶಕ್ತರಿಗಾಗಿ ಕಲ್ಪಿಸಿದ ಕೀಳು ಮಾರ್ಗವಲ್ಲ. ಹೃದಯದಲ್ಲಿರುವ ಬಿಂಬಮೂರ್ತಿಯನ್ನು ಮೊದಲು ಒಳಗೆ ಪೂಜಿಸಿ, ಅನಂತರವೇ ಹೊರಗಿನ ಪ್ರತಿಮೆಯಲ್ಲಿ ಆವಾಹಿಸುವುದು ನಮ್ಮ ಪೂಜಾಕ್ರಮ. ಕೈಗಳು ಚುರುಕಾಗಿದ್ದಾಗ ಈ ಒಳಗಿನ ಪೂಜೆಯು ಎರಡು ನಿಮಿಷಗಳಲ್ಲಿ ಮುಗಿದುಹೋಗುವುದುಂಟು. ಕೈ ಕಟ್ಟಲ್ಪಟ್ಟ ಆರು ವಾರಗಳು ಅದನ್ನು ಸಾವಕಾಶವಾಗಿ ಮಾಡಲು ದೊರೆತ ಅವಕಾಶ. ಸ್ತೋತ್ರಪಾರಾಯಣಕ್ಕೆ ಭುಜ ಬೇಡ. ವೈದ್ಯರು ಬೆರಳು, ಮಣಿಕಟ್ಟು, ಮೊಣಕೈಗಳನ್ನು ಚಲಿಸಲು ಹೇಳಿದ್ದರೆ, ತೋಳನ್ನು ಪಕ್ಕಕ್ಕೆ ಒತ್ತಿಕೊಂಡೇ ಕುಳಿತು ಜಪದ ಎಣಿಕೆಯನ್ನು ಮಾಡಬಹುದು. ಸಾಷ್ಟಾಂಗವನ್ನು ಬಿಟ್ಟು ನಿಂತಲ್ಲಿಯೇ ಶಿರಬಾಗಿ ವಂದಿಸಬೇಕು. ತುಂಬಿದ ಕೊಡ, ಗಂಟೆಯ ಹಗ್ಗ, ರಥದ ಮಿಣಿ ಇವುಗಳನ್ನು ಅನುಮತಿಯಿಲ್ಲದೆ ಮುಟ್ಟಕೂಡದು. ಬಲವಿಲ್ಲದ ಕೈಯಲ್ಲಿ ಉರಿಯುವ ಆರತಿಯನ್ನು ಹಿಡಿಯುವುದು ತನಗೂ ಇತರರಿಗೂ ಅಪಾಯ. ಮುಳಬಾಗಿಲಿನ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಸನ್ನಿಧಿಗೆ ಉರುಳುಸೇವೆಯ ಹರಕೆ ಹೊರುವವರು, ಭುಜವು ಅದನ್ನು ತಾಳುವುದೇ ಎಂದು ವೈದ್ಯರನ್ನು ಕೇಳಿಯೇ ದಿನ ಗೊತ್ತುಮಾಡಬೇಕು. ಗುರುಗಳು ಪ್ರದಕ್ಷಿಣೆಯನ್ನೂ ಸ್ವೀಕರಿಸುತ್ತಾರೆ. ಔಷಧಸೇವನೆಯಿಂದ ವ್ರತಭಂಗವಾಗದೆಂದು ಧರ್ಮಶಾಸ್ತ್ರವೇ ಹೇಳಿರುವುದರಿಂದ ಏಕಾದಶಿಯೆಂದು ಮಾತ್ರೆಗಳನ್ನು ನಿಲ್ಲಿಸಬಾರದು. ಅಶಕ್ತನಾದವನು ಪುತ್ರನ ಕೈಯಿಂದ ಪಿತೃಕಾರ್ಯವನ್ನು ಮಾಡಿಸುವುದೂ ಸಮ್ಮತವೇ. ನಮ್ಮ ಮನೆಯಲ್ಲಿ ಶ್ರಾದ್ಧವು ಹಾಗೆಯೇ ನಡೆಯಿತು. ತೀರ್ಥರೂಪರು ಪಕ್ಕದಲ್ಲಿ ಕುಳಿತು ಗೋತ್ರನಾಮಗಳನ್ನು ಹೇಳಿದರು. ಪಿಂಡವನ್ನು ನಾನು ಇಟ್ಟೆನು.

ಮನೆಯವರಿಗೂ ಇಲ್ಲಿ ಕರ್ತವ್ಯವಿದೆ. ರೋಗಿಯ ಮುಂದೆ ಕುಳಿತು, ಯಾವ ಜನ್ಮದ ಯಾವ ಪಾಪಕ್ಕೆ ಈ ಫಲವೋ ಎಂದು ವಿಚಾರ ಮಾಡುವುದು ಉಚಿತವಲ್ಲ. ಪ್ರಾರಬ್ಧದ ಲೆಕ್ಕವು ಭಗವಂತನದು. ಈ ರೋಗಿಯನ್ನು ಈಗ ನೋಡಿಕೊಳ್ಳಬೇಕಾದ ಕರ್ಮವು ನಮ್ಮದು. ಮೊದಲ ವಾರಗಳಲ್ಲಿ ಮಲಗಿ ನಿದ್ರಿಸುವುದೇ ಅವರಿಗೆ ಕಷ್ಟ. ಬೆನ್ನಿಗೆ ದಿಂಬುಗಳನ್ನು ಕೊಟ್ಟು ಅರ್ಧ ಕುಳಿತಂತೆ ಮಲಗಿಸಿದರೆ ಅನೇಕರಿಗೆ ಹಿತವಾಗುತ್ತದೆ. ಗೃಹಿಣಿಗೆ ಶಸ್ತ್ರಚಿಕಿತ್ಸೆಯಾಗಿದ್ದರೆ ಈ ಮಾತು ಇನ್ನೂ ಮುಖ್ಯ. ಅರ್ಚಕನಿಗೆ ಬದಲು ಅರ್ಚಕನನ್ನು ಹುಡುಕುತ್ತೇವೆ. ಮಡಿನೀರು ತರುವ, ಒರಳು ತಿರುಗಿಸುವ, ಹಬ್ಬದ ಅಡಿಗೆ ಮಾಡುವ ಆಕೆಗೆ ಬದಲು ಯಾರೆಂದು ಎಷ್ಟು ಮನೆಗಳಲ್ಲಿ ಯೋಚಿಸುತ್ತೇವೆ? ಪಟ್ಟಿ ಬಿಚ್ಚಿದ ಮರುದಿನವೇ ಆಕೆಯ ಕೈಗೆ ಹಿಟ್ಟಿನ ಪಾತ್ರೆ ಬಂದರೆ ವೈದ್ಯರು ಹೊಲಿದುದೆಲ್ಲ ವ್ಯರ್ಥ. ನೈವೇದ್ಯದ ಭಕ್ಷ್ಯಗಳು ಐದರ ಬದಲು ಒಂದಾದರೂ ಶ್ರೀಹರಿಯು ತೃಪ್ತನೇ. ಗಂಡಸರೂ ಮಕ್ಕಳೂ ನೀರು ಸೇದಲು, ಬಟ್ಟೆ ಒಗೆಯಲು ಕಲಿತರೆ ಅದೂ ಭಗವತ್ಸೇವೆಯೇ.

ಸೇವೆ ಮಾಡಿಸಿಕೊಳ್ಳುವವರೂ ಒಂದನ್ನು ಮನಗಾಣಬೇಕು. ಉಡಿಸುವ ಮಗನಲ್ಲಿ, ಉಣಿಸುವ ಸೊಸೆಯಲ್ಲಿ, ತೋಳೆತ್ತಿಸುವ ಚಿಕಿತ್ಸಕಿಯಲ್ಲಿ ಅಂತರ್ಯಾಮಿಯಾಗಿದ್ದು ಕೆಲಸ ಮಾಡಿಸುತ್ತಿರುವವನು ನಾವು ದಿನವೂ ಪೂಜಿಸುವ ಸ್ವಾಮಿಯೇ. ಇಷ್ಟು ವರ್ಷ ಅವನಿಗೆ ಸೇವೆ ಮಾಡಿದೆವೆಂದು ತಿಳಿದಿದ್ದೆವು. ಈಗ ಅವನು ಇವರೆಲ್ಲರ ಮೂಲಕ ನಮ್ಮನ್ನು ಉಪಚರಿಸುತ್ತಿದ್ದಾನೆ. ಈ ಅನುಸಂಧಾನವಿದ್ದರೆ ಸಂಕೋಚವು ಕೃತಜ್ಞತೆಯಾಗಿ ಮಾರ್ಪಡುವುದು.

ಬರುವ ಆಷಾಢ ಏಕಾದಶಿಯಂದು ತಪ್ತಮುದ್ರೆಗಾಗಿ ತೋಳೊಡ್ಡುವಾಗ, ಶಸ್ತ್ರಚಿಕಿತ್ಸೆಯಾದವರು ಗಾಯವು ಪೂರ್ಣವಾಗಿ ಮಾಯ್ದಿದೆಯೇ ಎಂಬುದನ್ನು ಮೊದಲೇ ವಿಚಾರಿಸಿ, ಗುರುಗಳಿಗೂ ಅರಿಕೆ ಮಾಡಿ ಮುಂದುವರಿಯಲಿ. ಗಟ್ಟಿಯಾದ ಭುಜವುಳ್ಳವರು ಆ ಮುದ್ರೆಯ ಅರ್ಥವನ್ನು ಸ್ಮರಿಸಲಿ. ಯಜಮಾನನ ಗುರುತನ್ನು ಹೊತ್ತ ತೋಳು ಯಜಮಾನನದು. ಅವನು ಎತ್ತಿಸಿದಾಗ ಎತ್ತುವುದಕ್ಕೂ, ಇಳಿಸೆಂದಾಗ ಇಳಿಸುವುದಕ್ಕೂ ಬೇಕಾದ ಬುದ್ಧಿಯನ್ನು ಭಾರತೀರಮಣ ಮುಖ್ಯಪ್ರಾಣಾಂತರ್ಗತನಾದ ಶ್ರೀಕೃಷ್ಣನು ನಮ್ಮೆಲ್ಲರಿಗೂ ಕರುಣಿಸಲೆಂದು ಪ್ರಾರ್ಥಿಸುತ್ತ ಈ ನಿವೇದನೆಯನ್ನು ಮುಗಿಸುವೆನು.

|| ಶ್ರೀಕೃಷ್ಣಾರ್ಪಣಮಸ್ತು ||